ಕಕ್ಕಡದ ಮಳೆಯಲ್ಲಿ ಕಂಬಳಿ ಒದ್ದವರು: ನಿದ್ರಾನಾಶದ ಒಂದು ಪ್ರಕರಣ

ಜುಲೈ ಕೊನೆಯ ವಾರದಲ್ಲಿ, ಕೊಡವರ ಕಕ್ಕಡ ತಿಂಗಳಲ್ಲಿ, ಕೊಡಗಿನಲ್ಲಿ ಸೆಕೆಯೆಂದು ದೂರುವವರು ಸಿಗುವುದಿಲ್ಲ. ಒಗೆದ ಬಟ್ಟೆ ವಾರ ಕಳೆದರೂ ಒಣಗದೆ ಒಲೆಯ ಮೇಲಿನ ಹಗ್ಗದಲ್ಲಿ ನೇತಾಡುತ್ತಿರುತ್ತದೆ, ಹಾಸಿಗೆಯೇ ತಣ್ಣಗೆ ಒದ್ದೆಯಾದಂತೆ ತೋರುತ್ತದೆ, ಎರಡೆರಡು ಕಂಬಳಿ ಹೊದ್ದು ಮಲಗುವುದು ಎಲ್ಲ ಮನೆಗಳ ವಾಡಿಕೆ. ಅಂಥ ಒಂದು ಬೆಳಗ್ಗೆ 52 ವರ್ಷದ ಮಹಿಳೆಯೊಬ್ಬರು ನನ್ನೆದುರು ಕುಳಿತು, "ರಾತ್ರಿ ಕಂಬಳಿ ಹೊದೆಯೋಕೇ ಆಗಲ್ಲ ಡಾಕ್ಟ್ರೇ, ಕಿಟಕಿ ತೆಗೆದು ಮಲಗ್ತೀನಿ. ಚಳಿ ತಡೀಲಾರದೆ ಇವರು ಪಕ್ಕದ ಕೋಣೆಗೆ ಹೋಗಿದ್ದಾರೆ" ಎಂದರು. ಅವರ ನಿದ್ದೆಗೆಂದು ಆರು ವಾರಗಳ ಹಿಂದೆ ಔಷಧ ಬರೆದುಕೊಟ್ಟವನು ನಾನೇ. ಆಗ ರಾತ್ರಿಗೆ ನಾಲ್ಕು ಗಂಟೆ ನಿದ್ರಿಸುತ್ತಿದ್ದವರು ಈಗ ಎರಡೂವರೆ ಗಂಟೆಗೆ ಇಳಿದಿದ್ದರು.

ನಾನು ಸಿದ್ದಾಪುರದ ಆಸುಪಾಸಿನಲ್ಲಿ ಸಣ್ಣದೊಂದು ಆಯುರ್ವೇದ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ರೋಗಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ಮನೆವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಗಿಡಮೂಲಿಕೆಯ ಮೇಲೆ ದೂರು ಹೊರಿಸುವ ಉದ್ದೇಶ ನನಗಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಅದರಿಂದ. ಆ ಆರು ವಾರಗಳಲ್ಲಿ, ಮತ್ತು ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ, ಏನೇನು ಒಂದರ ಮೇಲೊಂದು ಸೇರಿಕೊಂಡಿತು, ಅದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಇದ್ದುದಿದ್ದಂತೆ ಬರೆದಿಡುವುದು ಉದ್ದೇಶ.

ಹಿನ್ನೆಲೆ

ದಂಪತಿಗೆ ಸುಮಾರು 9 ಎಕರೆ ರೊಬಸ್ಟಾ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮನೆಮಾತು ಕೊಡವ ತಕ್ಕ್, ನನ್ನೊಡನೆ ಕನ್ನಡ. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆರು ವರ್ಷಗಳಿಂದ ಥೈರಾಯಿಡ್ ಗ್ರಂಥಿಯ ಸ್ರಾವ ಕಡಿಮೆಯಿದ್ದು, ಅದಕ್ಕಾಗಿ ದಿನವೂ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರಲಿಲ್ಲ. ಮುಟ್ಟು ನಿಂತು ಎರಡು ವರ್ಷವಾಗಿತ್ತು.

ನಿದ್ದೆ ಕೆಟ್ಟದ್ದು ಫೆಬ್ರವರಿಯಲ್ಲಿ. ರೊಬಸ್ಟಾ ಹೂವಿಗೆ ಮಳೆಯನ್ನೇ ನಂಬಿ ಕೂರುವ ಕಾಲ ನಮ್ಮ ಕಡೆ ಎಂದೋ ಹೋಯಿತು. ಕೊಯ್ಲು ಮುಗಿಯುವ ಹೊತ್ತಿಗೆ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುತ್ತಾರೆ. ಹೂ ಬಿಡಿಸಲು ಒಂದು ಸುತ್ತು, ಸುಮಾರು 20 ದಿನ ಕಳೆದು 'ಬ್ಯಾಕಿಂಗ್' ಎಂದು ಇನ್ನೊಂದು ಸುತ್ತು. ಕೆರೆಯ ನೀರು ತಳ ಕಾಣುವ ಮುಂಚೆ ಇಡೀ ತೋಟ ಮುಗಿಯಬೇಕಾದುದರಿಂದ ಪಂಪು ರಾತ್ರಿಯೂ ಓಡುತ್ತದೆ, ಕೆಲವು ಗಂಟೆಗೊಮ್ಮೆ ಪೈಪು ಕಳಚಿ ನೀರು ಚಿಮ್ಮಿಸುವ ಜೆಟ್ ಬದಲಿಸಬೇಕಾಗುತ್ತದೆ. ಆ ವರ್ಷ ಆಳುಗಳು ಸಿಗದೆ ಗಂಡ ಹೆಂಡತಿ ಸರದಿಯ ಮೇಲೆ ಎದ್ದಿದ್ದಾರೆ. ಕಾಡಾನೆಯ ಭಯಕ್ಕೆ ಜೀಪಿನ ದೀಪ ಹಾಕಿಕೊಂಡೇ ಹೋಗಬೇಕು, ಹೋದವರು ಮರಳಿ ಬರುವವರೆಗೆ ಮನೆಯಲ್ಲಿದ್ದವರಿಗೂ ನಿದ್ದೆಯಿಲ್ಲ. ಎಚ್ಚರವಾಗಿರಲು ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಮನೆಯ ತೋಟದ ರೊಬಸ್ಟಾವನ್ನೇ ಹುರಿದು ಪುಡಿ ಮಾಡಿದ ಕಾಫಿ ಅದು. ಅರೇಬಿಕಾಕ್ಕೆ ಹೋಲಿಸಿದರೆ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ, ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಮೈಯಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ನಡುರಾತ್ರಿ ಒಂದು ಗಂಟೆಗೆ ಎರಡು ಲೋಟ ಕುಡಿದವರು ನಸುಕಿನ ಮೂರಕ್ಕೆ ಹಾಸಿಗೆ ಸೇರಿದರೆ ಕಣ್ಣು ಮುಚ್ಚದಿರುವುದರಲ್ಲಿ ಸೋಜಿಗವೇನಿಲ್ಲ.

ಮಾರ್ಚ್ ನಡುವಿಗೆ ಪಂಪು ನಿಂತಿತು, ನಿದ್ದೆ ಮಾತ್ರ ಮರಳಲಿಲ್ಲ. ಕಳೆದುಕೊಂಡದ್ದನ್ನು ತುಂಬಿಕೊಳ್ಳಬೇಕೆಂದು ಅವರು ರಾತ್ರಿ ಎಂಟೂವರೆಗೇ ಮಲಗಲು ಶುರುಮಾಡಿದರು, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಒರಗತೊಡಗಿದರು. ಇದು ನನಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ಜೂನ್‌ನಲ್ಲೇ ಕೇಳಿದ್ದರೆ ತಿಳಿಯುತ್ತಿತ್ತು.

ಅಡುಗೆಮನೆಯಿಂದ ಅಂಗಡಿಗೆ

ಮೊದಲು ಬಂದದ್ದು ಗಸಗಸೆ ಪಾಯಸ. ಕನ್ನಡ ನಾಡಿನಲ್ಲಿ ಹಬ್ಬದ ಊಟದ ಕೊನೆಗೆ ಗಸಗಸೆ ಪಾಯಸ ಬಡಿಸಿದರೆ ಮುಂದೆ ಚಾಪೆ ಹಾಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಗಸಗಸೆಯ ಬೀಜದೊಳಗೆ ಮತ್ತಿನ ಅಂಶವಿಲ್ಲ. ಕಾಯಿಯ ಹಾಲು ಬೀಜದ ಮೇಲೆ ಅಂಟಿ ಉಳಿದಿದ್ದರೆ ಅಲ್ಪ ಪ್ರಮಾಣದಲ್ಲಿ ಬರುತ್ತದೆ, ತೊಳೆದು ಹುರಿದಾಗ ಅದರಲ್ಲೂ ಬಹುಪಾಲು ಹೋಗುತ್ತದೆ. ಪಾಯಸದ ಜೊಂಪಿನಲ್ಲಿ ತೆಂಗಿನಹಾಲು, ಬೆಲ್ಲ, ಹೊಟ್ಟೆ ತುಂಬಿದ ಊಟ ಇವುಗಳ ಪಾಲು ದೊಡ್ಡದೆಂದು ನನ್ನ ಎಣಿಕೆ. ಇವರಿಗೆ ಅದು ನಾಲ್ಕು ದಿನ ಹಿತವಾಗಿತ್ತು, ಐದನೆಯ ದಿನ ಹೊಟ್ಟೆಯುಬ್ಬರವಾಯಿತು.

ಅನಂತರ ಜಾಯಿಕಾಯಿ. ತೋಟದಂಚಿನಲ್ಲೇ ಮರವಿತ್ತು. ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು ಹಾಲಿಗೆ ಹಾಕುವುದು ಹಿರಿಯರ ಕ್ರಮ. ಅಷ್ಟಕ್ಕೆ ಯಾರಿಗೂ ಕೇಡಾದದ್ದನ್ನು ನಾನು ಕಂಡಿಲ್ಲ. ನಾಲ್ಕು ಸುತ್ತಿಗೆ ನಿದ್ದೆ ಬಾರದಾಗ ಇವರು ಒಂದು ರಾತ್ರಿ ಅರ್ಧ ಕಾಯಿಯನ್ನು ತುರಿದು ಕುಡಿದಿದ್ದಾರೆ. ಒಂದು ಕಾಯಿ 5ರಿಂದ 7 ಗ್ರಾಂ ತೂಗುತ್ತದೆ. ಪ್ರಮಾಣ ಹೆಚ್ಚಾದರೆ ಅದರ ಮಿರಿಸ್ಟಿಸಿನ್ ಎಂಬ ಅಂಶ ಬಾಯಿ ಒಣಗಿಸಿ, ಎದೆ ಬಡಿತ ಏರಿಸಿ, ಕೆಲವರಲ್ಲಿ ಭ್ರಮೆಯನ್ನೂ ತರುತ್ತದೆ, ಅದೂ ಕುಡಿದ ಕೂಡಲೇ ಅಲ್ಲ, ಕೆಲವು ಗಂಟೆ ಕಳೆದ ಮೇಲೆ. ಆ ರಾತ್ರಿ ಅವರಿಗೆ ನಾಲಿಗೆ ಅಂಗುಳಕ್ಕೆ ಅಂಟಿ, ಎದೆ ಹೊಡೆದುಕೊಂಡು, ಬೆಳಗಿನವರೆಗೆ ಕುಳಿತೇ ಇದ್ದರಂತೆ. ಜಾಯಿಕಾಯಿ ಅಲ್ಲಿಗೆ ನಿಂತಿತು. ಒಂದೆಲಗದ ಚಟ್ನಿಯೂ ಕೆಲವು ದಿನ ನಡೆಯಿತು, ಅದರಿಂದ ಒಳಿತೂ ಆಗಲಿಲ್ಲ ಕೆಡುಕೂ ಆಗಲಿಲ್ಲ.

ಮೇ ಮೊದಲ ವಾರ ಮಡಿಕೇರಿಗೆ ಮದುವೆಗೆ ಹೋದವರು ಪ್ರವಾಸಿಗರಿಗೆ ಜೇನು, ಸಾಂಬಾರ ಪದಾರ್ಥ, ಮೂಲಿಕೆ ಮಾರುವ ಅಂಗಡಿಯೊಂದರಿಂದ 'ನಿದ್ದೆಯ ಪುಡಿ' ತಂದರು. ರಾತ್ರಿ ಒಂದು ದೊಡ್ಡ ಚಮಚ ಹಾಲಿನಲ್ಲಿ. ಇದರ ಜೊತೆಗೆ ಕಾಫಿಯನ್ನು ಪೂರ್ತಿ ಬಿಡಬೇಕೆಂದು ಅಂಗಡಿಯವರು ಹೇಳಿದ್ದರಿಂದ, ಕಾಫಿ ಬೆಳೆಯುವ ಮನೆಯ ಆ ಹೆಂಗಸು ಬೆಳಗಿನ ಮೊದಲ ಲೋಟದಿಂದ ಹಿಡಿದು ಎಲ್ಲವನ್ನೂ ಬಿಟ್ಟು ಜೀರಿಗೆ ಕೊತ್ತಂಬರಿ ಕಷಾಯಕ್ಕೆ ಬದಲಾದರು. ಎರಡು ವಾರದ ತರುವಾಯ ಅಮ್ಮನ ಗೋಳು ಕೇಳಿದ ಮಗಳು ಬೆಂಗಳೂರಿನಿಂದ ಕ್ಯಾಪ್ಸೂಲಿನ ಡಬ್ಬಿಯೊಂದನ್ನು ತರಿಸಿ ಕಳುಹಿಸಿದಳು. ಬೆಳಗ್ಗೆ ಒಂದು, ರಾತ್ರಿ ಒಂದು.

ಜೂನ್ ಭೇಟಿ, ಮತ್ತು ನನ್ನ ತಪ್ಪು

ಜೂನ್ ಮೂರನೆಯ ವಾರ ಅವರು ನನ್ನಲ್ಲಿಗೆ ಬಂದಾಗ ಮಳೆ ಹಿಡಿದು ಹತ್ತು ದಿನವಾಗಿತ್ತು. ತೂಕ 60 ಕಿಲೋ, ನಾಡಿ ನಿಮಿಷಕ್ಕೆ 88. ಮಾತಿನ ನಡುವೆ ಅವರು, 2018ರ ಆಗಸ್ಟ್ ಭೂಕುಸಿತದಲ್ಲಿ ತವರು ಮನೆಯವರ ತೋಟ ಜಾರಿದ್ದನ್ನು ಹೇಳಿದರು. ಆ ವರ್ಷದಿಂದೀಚೆಗೆ ಮಳೆಗಾಲದ ರಾತ್ರಿ ಹೆಂಚಿನ ಮೇಲೆ ನೀರಿನ ಸದ್ದು ಜೋರಾದರೆ ಎದ್ದು ಕೂರುವವರು ಕೊಡಗಿನಲ್ಲಿ ಎಷ್ಟೋ ಮಂದಿ ಇದ್ದಾರೆ, ನಾನೂ ಅಂಥವರನ್ನು ನೋಡಿದ್ದೇನೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು: ಭಯ, ಅದರಿಂದ ವಾತ ಕೆರಳಿ ನಿದ್ರಾನಾಶ. ನಿದ್ದೆ ಕೆಟ್ಟದ್ದು ಬೇಸಗೆಯ ಮುಂಚಿನ ಫೆಬ್ರವರಿಯಲ್ಲಿ, ಮಳೆಯ ಹನಿಯೂ ಇಲ್ಲದ ತಿಂಗಳಲ್ಲಿ ಎಂದು ಅವರೇ ಹೇಳಿದ್ದರೂ ನಾನು ಅದನ್ನು ಹಾಳೆಯಲ್ಲಿ ಬರೆದುಕೊಂಡೆನೇ ಹೊರತು ಲೆಕ್ಕಕ್ಕೆ ಹಿಡಿಯಲಿಲ್ಲ.

ಥೈರಾಯಿಡ್ ಮಾತ್ರೆಯ ವಿಷಯ ಕೇಳಿದೆ, 'ನಡೀತಾ ಇದೆ' ಎಂಬ ಉತ್ತರಕ್ಕೆ ತೃಪ್ತನಾದೆ. 'ಬೇರೆ ಏನಾದರೂ ಔಷಧ ತಗೊಳ್ತೀರಾ' ಎಂದು ಕೇಳಿದ್ದಕ್ಕೆ 'ಇಲ್ಲ' ಎಂದರು. ಅವರ ಮಟ್ಟಿಗೆ ಅದು ಸತ್ಯವೇ: ಪುಡಿಯೂ ಕ್ಯಾಪ್ಸೂಲೂ ಅವರ ಭಾಷೆಯಲ್ಲಿ ಔಷಧವಲ್ಲ, 'ನ್ಯಾಚುರಲ್'. ನಾನು ಅಶ್ವಗಂಧಾರಿಷ್ಟವನ್ನು 20 ಮಿಲಿ ಸಮಪಾಲು ನೀರಿನೊಂದಿಗೆ ಎರಡು ಹೊತ್ತು ಊಟದ ಮೇಲೆ ಕುಡಿಯಲು ಬರೆದೆ, ರಾತ್ರಿ ನೆತ್ತಿಗೂ ಅಂಗಾಲಿಗೂ ಎಣ್ಣೆ ಹಚ್ಚಲು ಹೇಳಿದೆ, ತಿಂಗಳು ಬಿಟ್ಟು ಬರುವಂತೆ ತಿಳಿಸಿ ಕಳುಹಿಸಿದೆ.

ಮೂರು ಚೀಟಿಗಳು

ಜುಲೈಯಲ್ಲಿ ಕಂಬಳಿಯ ಮಾತು ಬಂದಾಗಲೂ ಮೊದಲು ಹೊಳೆದದ್ದು ಮುಟ್ಟು ನಿಂತ ಮೇಲಿನ ಬಿಸಿಯುಬ್ಬೆ. ಬಿಸಿಯುಬ್ಬೆ ಅಲೆಯಂತೆ ಬಂದು ಹೋಗುತ್ತದೆ. ಇವರಿಗೆ ಇಡೀ ದಿನ ಒಂದೇ ಸಮನೆ ಸೆಕೆ. ಕೈಗಳನ್ನು ಮುಂದೆ ಚಾಚಲು ಹೇಳಿ ಬೆರಳುಗಳ ಮೇಲೆ ಹಾಳೆಯೊಂದನ್ನು ಇಟ್ಟೆ, ಅದು ಸಣ್ಣಗೆ ನಡುಗಿತು. ನಾಡಿ 108, ತೂಕ 56 ಕಿಲೋ. ಊಟ ಕಡಿಮೆಯಾಗಿರಲಿಲ್ಲ, ಹಸಿವು ಹೆಚ್ಚೇ ಆಗಿತ್ತು. ಅಂಗೈ ಬೆಚ್ಚಗೆ, ಒದ್ದೆಯಾಗಿತ್ತು. ಥೈರಾಯಿಡ್ ಹಾರ್ಮೋನು ಅತಿಯಾದರೆ ಹೀಗಿರುತ್ತದೆಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಿಯಾನು.

ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವುದೆಲ್ಲವನ್ನೂ, ಔಷಧವೋ ಅಲ್ಲವೋ ಎಂದು ಯೋಚಿಸದೆ, ಚೀಲದಲ್ಲಿ ತುಂಬಿ ತರಲು ಅವರ ಯಜಮಾನರಿಗೆ ಹೇಳಿದೆ. ಮಧ್ಯಾಹ್ನ ಚೀಲ ಬಂತು. ಪುಡಿಯ ಪೊಟ್ಟಣದ ಮೇಲೆ ಕನ್ನಡದಲ್ಲಿ 'ಹಿರೇಮದ್ದಿನ ಬೇರು, ತಗರ, ಜಟಾಮಾಂಸಿ, ಶಂಖಪುಷ್ಪಿ' ಎಂದಿತ್ತು, ಯಾವುದು ಎಷ್ಟೆಂಬ ಲೆಕ್ಕವಿರಲಿಲ್ಲ. ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ವಿಥಾನಿಯಾ ಸೋಮ್ನಿಫೆರಾ ಬೇರಿನ ಸಾರ, ಒಂದರಲ್ಲಿ 300 ಮಿಲಿಗ್ರಾಂ. ಮೂರನೆಯದು ನಾನು ಬರೆದುಕೊಟ್ಟ ಬಾಟಲಿ, ಅದರ ಮೇಲೆ ಅಶ್ವಗಂಧ. ಹಿರೇಮದ್ದು, ವಿಥಾನಿಯಾ, ಅಶ್ವಗಂಧ: ಮೂರೂ ಒಂದೇ ಬೇರು. ಆ ಮನೆಯವರಿಗೆ ಅವು ಮೂರು ಬೇರೆ ಬೇರೆ ವಸ್ತುಗಳಾಗಿದ್ದವು, ಒಂದರಿಂದ ಆಗದ್ದು ಇನ್ನೊಂದರಿಂದ ಆಗಲೆಂದು ಮೂರನ್ನೂ ನಡೆಸುತ್ತಿದ್ದರು. ಪುಡಿಯಲ್ಲಿ ಸರ್ಪಗಂಧ ಇರಲಿಲ್ಲ, ಪುಣ್ಯ; ನಿದ್ದೆಗೆಂದು ಅದರ ಬೇರನ್ನೂ ಕೊಡುವ ರೂಢಿಯಿದೆ, ಅದರ ರೆಸರ್ಪಿನ್ ಎಂಬ ಅಂಶ ರಕ್ತದೊತ್ತಡವನ್ನು ಇಳಿಸುವುದಲ್ಲದೆ ಕೆಲವರ ಮನಸ್ಸನ್ನೂ ಕುಗ್ಗಿಸುತ್ತದೆ.

ಅಶ್ವಗಂಧಕ್ಕೆ ನಿದ್ದೆಯ ಗುಣವಿಲ್ಲವೆಂದಲ್ಲ. ಸೋಮ್ನಿಫೆರಾ ಎಂಬ ಲ್ಯಾಟಿನ್ ಮಾತಿಗೆ ನಿದ್ದೆ ತರುವುದು ಎಂದೇ ಅರ್ಥ. ಐದು ಪ್ರಯೋಗಗಳ 400 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅದರಿಂದ ನಿದ್ದೆಗೆ ಸಣ್ಣದಾದರೂ ಗುರುತಿಸಬಹುದಾದ ಲಾಭ ಕಂಡಿದೆ. ದಿನಕ್ಕೆ 600 ಮಿಲಿಗ್ರಾಂ ಸಾರವನ್ನು 8 ವಾರ ಕೊಟ್ಟಲ್ಲಿ ಅದು ಹೆಚ್ಚು ಸ್ಪಷ್ಟ. ತೊಡಕಿರುವುದು ಇಲ್ಲೇ. ಅದೇ 600 ಮಿಲಿಗ್ರಾಂ, ಅದೇ 8 ವಾರ, ಥೈರಾಯಿಡ್ ಸ್ವಲ್ಪ ಕಡಿಮೆಯಿದ್ದ 50 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಥೈರಾಯಿಡ್ ಹಾರ್ಮೋನುಗಳನ್ನು ಮೇಲಕ್ಕೆ ತಂದಿತು. ಮಾತ್ರೆ ತೆಗೆದುಕೊಳ್ಳದವರಿಗೆ ಅದು ಲಾಭವೆನಿಸಬಹುದು. ಹೊರಗಿನಿಂದ ಆಗಲೇ ಹಾರ್ಮೋನು ತುಂಬಿಸಿಕೊಳ್ಳುತ್ತಿರುವವರಿಗೆ ಅದು ತುಂಬಿದ ಕೊಡಕ್ಕೆ ಮತ್ತೆ ನೀರು. ಅಶ್ವಗಂಧ ಸೇವಿಸಿದವರಲ್ಲಿ ಥೈರಾಯಿಡ್ ಅತಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ, ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಇವೆ. ಇವೆಲ್ಲ ನನಗೆ ಹೊಸದಾಗಿರಲಿಲ್ಲ. ಜೂನ್‌ನಲ್ಲಿ ಲೇಖನಿ ಕೈಯಲ್ಲಿದ್ದಾಗ ನೆನಪಾಗಲಿಲ್ಲ ಅಷ್ಟೆ.

ಮರುದಿನ ರಕ್ತಪರೀಕ್ಷೆಯ ವರದಿ ಬಂತು. ಟಿಎಸ್‌ಎಚ್ 0.03, ಸಾಮಾನ್ಯವಾಗಿ 0.4ರಿಂದ 4.5ರ ಆಸುಪಾಸಿನಲ್ಲಿರಬೇಕಾದದ್ದು. ಇದು ಥೈರಾಯಿಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಿನ ಅಳತೆ; ಮೈಯಲ್ಲಿ ಥೈರಾಯಿಡ್ ಹಾರ್ಮೋನು ಹೆಚ್ಚಾದಷ್ಟೂ ಈ ಅಂಕಿ ಇಳಿಯುತ್ತದೆ. ರಕ್ತದಲ್ಲಿನ ಥೈರಾಕ್ಸಿನ್ನಿನ ಅಳತೆಯಾದ ಫ್ರೀ ಟಿ4 ಮೇಲಿನ ಗಡಿಯನ್ನು ದಾಟಿತ್ತು. ಯಕೃತ್ತಿನ ಪರೀಕ್ಷೆಯಲ್ಲಿ ದೋಷವಿರಲಿಲ್ಲ, ಇಸಿಜಿಯಲ್ಲಿ ಬಡಿತದ ವೇಗವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಕಾಫಿಯ ಲೆಕ್ಕ

ಮಾತ್ರೆ ಬರೆದುಕೊಡುತ್ತಿದ್ದ ವೈದ್ಯರಿಗೆ ಪತ್ರ ಬರೆಯಲು ಹಳೆಯ ಚೀಟಿಗಳನ್ನು ತಿರುವುತ್ತಿದ್ದಾಗ ಇನ್ನೊಂದು ಎಳೆ ಸಿಕ್ಕಿತು. ಹಿಂದಿನ ವರ್ಷ ಟಿಎಸ್‌ಎಚ್ 8.4ಕ್ಕೆ ಏರಿದ್ದರಿಂದ ಮಾತ್ರೆಯನ್ನು 75 ಮೈಕ್ರೋಗ್ರಾಮಿನಿಂದ 100ಕ್ಕೆ ಹೆಚ್ಚಿಸಲಾಗಿತ್ತು. ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರೆಂದು ಕೇಳಿದೆ. 'ಬೆಳಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ' ಎಂದರು. 'ನೀರಿನಲ್ಲೋ' ಎಂದದ್ದಕ್ಕೆ ನಕ್ಕರು. 'ಈಗ ಕಷಾಯದಲ್ಲಿ. ಮುಂಚೆ ಕಾಫಿಯಲ್ಲಿ.'

ಕೊಡಗಿನಲ್ಲಿ ಖಾಲಿ ಹೊಟ್ಟೆಯೆಂದರೆ ಕಾಫಿ ಕುಡಿದ ಹೊಟ್ಟೆಯೂ ಸೇರುತ್ತದೆ ಎಂಬುದನ್ನು ಹೊರಗಿನಿಂದ ಬಂದ ವೈದ್ಯರು ಊಹಿಸಲಾರರು. ಥೈರಾಕ್ಸಿನ್ ಮಾತ್ರೆಯೊಂದಿಗೆ ಕಾಫಿ ಕುಡಿದರೆ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ; ಆ ಕಾರಣದಿಂದಲೇ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕೆಂದು ಹೇಳುವುದು. ವರ್ಷಗಟ್ಟಲೆ ಇವರು ಮಾತ್ರೆಯನ್ನು ಗಟ್ಟಿ ರೊಬಸ್ಟಾದಲ್ಲೇ ನುಂಗಿದ್ದಾರೆ. ಪ್ರಮಾಣವನ್ನು 100ಕ್ಕೆ ಏರಿಸಬೇಕಾಗಿ ಬಂದದ್ದರಲ್ಲಿ ಕಾಫಿಯ ಕೈವಾಡವೂ ಇದ್ದಿರಬೇಕು. ಮೇ ತಿಂಗಳಲ್ಲಿ ನಿದ್ದೆಗಾಗಿ ಕಾಫಿ ಬಿಟ್ಟ ದಿನದಿಂದ, ಕಾಫಿಯನ್ನು ಲೆಕ್ಕಕ್ಕೆ ಹಿಡಿದೇ ಹೆಚ್ಚಿಸಿದಂತಿದ್ದ ಆ 100 ಮೈಕ್ರೋಗ್ರಾಂ ಹೆಚ್ಚಾಗಿ ಮೈಗೆ ಹತ್ತತೊಡಗಿತು. ಅದೇ ವಾರ ಅಶ್ವಗಂಧವೂ ಬಂತು. ಅವರು ನಿದ್ದೆಗಾಗಿ ಮಾಡಿದ ಎರಡು ಉಪಾಯಗಳೂ ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ಕೋಣೆ ಸೇರಿದವು.

ಇವೆರಡರಲ್ಲಿ ಯಾವುದರ ಪಾಲು ಹೆಚ್ಚೆಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ, ಏಕೆಂದರೆ ಎರಡನ್ನೂ ಒಟ್ಟಿಗೇ ಸರಿಪಡಿಸಿದೆವು. ರೋಗಿಯ ಎದೆ ನಿಮಿಷಕ್ಕೆ 108 ಸಲ ಬಡಿಯುತ್ತಿರುವಾಗ, ಕಾರಣ ತಿಳಿಯಲೆಂದು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುವಂತಿರಲಿಲ್ಲ.

ಪತ್ರ ಓದಿದ ವೈದ್ಯರು ಮಾತ್ರೆಯನ್ನು 75ಕ್ಕೆ ಇಳಿಸಿದರು, ಎದೆಬಡಿತಕ್ಕೆ ಎರಡು ವಾರ ಪ್ರೊಪ್ರನೊಲಾಲ್ ಕೊಟ್ಟರು, ಗ್ರಂಥಿಯೇ ಅತಿಯಾಗಿ ಕೆಲಸ ಮಾಡುವ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಪ್ರತಿಕಾಯದ ಪರೀಕ್ಷೆ ಮಾಡಿಸಿದರು. ಅದು ಇಲ್ಲವೆಂದು ಬಂತು. ಪುಡಿ, ಕ್ಯಾಪ್ಸೂಲು, ಅರಿಷ್ಟ ಮೂರನ್ನೂ ನಾನು ನಿಲ್ಲಿಸಿದೆ. ಅರಿಷ್ಟ ಬರೆದದ್ದು ನನ್ನ ತಪ್ಪೆಂದು ದಂಪತಿಗೆ ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಟ್ಲಿ ವಾಪಸ್ ತಗೊಳ್ತೀರಾ?" ಎಂದು ಕೇಳಿದರು. ತೆಗೆದುಕೊಂಡೆ.

ಹೊರಡುವಾಗ ಅವರಿಗಿದ್ದ ಚಿಂತೆ ಬೇರೆ. ಆಗಸ್ಟ್ 3 ಹತ್ತಿರವಾಗಿತ್ತು, ಕಕ್ಕಡ ತಿಂಗಳ 18ನೆಯ ದಿನ. ಅಂದು ಮದ್ದು ತೊಪ್ಪು ಎಂಬ ಸೊಪ್ಪಿನಲ್ಲಿ 18 ಬಗೆಯ ಔಷಧಿಯ ಗುಣ ಕೂಡುತ್ತದೆಂಬ ನಂಬಿಕೆಯಿಂದ ಅದರ ರಸ ಬೇಯಿಸಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತೆಂದು ಸಮಾಧಾನ. 'ಅದನ್ನೂ ಬಿಡಬೇಕಾ' ಎಂದು ಕೇಳಿದರು. ವರ್ಷಕ್ಕೊಮ್ಮೆ ಉಣ್ಣುವ ಪಾಯಸಕ್ಕೂ ಮೂರು ತಿಂಗಳು ಮೂರು ರೂಪದಲ್ಲಿ ದಿನವೂ ನುಂಗಿದ ಬೇರಿಗೂ ಅಜಗಜಾಂತರವಿದೆ. ತಿನ್ನಿ, ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ ತಿನ್ನಿ ಎಂದೆ.

ಉಳಿದ ನಿದ್ದೆ

ಥೈರಾಕ್ಸಿನ್ನಿನ ಅರ್ಧಭಾಗ ಮೈಯಿಂದ ಹೋಗಲು ಸುಮಾರು ಒಂದು ವಾರ ಬೇಕಾದುದರಿಂದ ಸುಧಾರಣೆ ನಿಧಾನವಾಗಿಯೇ ಬಂತು. ಮೂರು ವಾರಕ್ಕೆ ನಡುಕ ನಿಂತಿತು, ಕಂಬಳಿ ಮರಳಿತು, ಯಜಮಾನರೂ ಕೋಣೆಗೆ ಮರಳಿದರು. ಸೆಪ್ಟೆಂಬರ್ ನಡುವೆ ಟಿಎಸ್‌ಎಚ್ 0.6 ಆಗಿತ್ತು. ನಿದ್ದೆ ಎರಡೂವರೆ ಗಂಟೆಯಿಂದ ಐದರ ಹತ್ತಿರ ಬಂದು ಅಲ್ಲೇ ನಿಂತಿತು. ಫೆಬ್ರವರಿಯ ನಿದ್ರಾನಾಶ ಹಾಗೆಯೇ ಉಳಿದಿತ್ತು. ಥೈರಾಯಿಡ್ಡಿನ ಗದ್ದಲ ಅದರ ಮೇಲೆ ಬಂದು ಕೂತಿತ್ತು, ಅಷ್ಟೆ.

ಈ ಸಲ ಅವಸರ ಮಾಡಲಿಲ್ಲ. ಗೊರಕೆಯಿಲ್ಲ, ಉಸಿರು ಕಟ್ಟುವುದಿಲ್ಲ, ರಾತ್ರಿ ಕಾಲಿನಲ್ಲಿ ಚಡಪಡಿಕೆಯಿಲ್ಲ ಎಂದು ಯಜಮಾನರಿಂದಲೇ ಖಚಿತಪಡಿಸಿಕೊಂಡೆ. ಹತ್ತು ದಿನ ಒಂದು ಪುಸ್ತಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಅಂದಾಜು ನಿದ್ರಿಸಿದ ಹೊತ್ತು ಬರೆಸಿದೆ. ರಾತ್ರಿ ಎಂಟೂಮುಕ್ಕಾಲಿನಿಂದ ಬೆಳಗ್ಗೆ ಐದೂಮುಕ್ಕಾಲರವರೆಗೆ ಒಂಬತ್ತು ಗಂಟೆ ಹಾಸಿಗೆಯಲ್ಲಿ, ಅದರಲ್ಲಿ ನಿದ್ದೆ ಐದು ಗಂಟೆ ಹತ್ತು ನಿಮಿಷ. ಉಳಿದ ನಾಲ್ಕು ಗಂಟೆ ಸೂರು ನೋಡುತ್ತಾ, ನಾಯಿ ಬೊಗಳಿದರೆ ಆನೆ ಬಂತೇನೋ ಎಂದು ಕಿವಿಗೊಡುತ್ತಾ. ಆರು ತಿಂಗಳಿನಿಂದ ಅವರ ಮೈ ಹಾಸಿಗೆಯನ್ನು ಎಚ್ಚರವಾಗಿರುವ ಜಾಗವೆಂದೇ ಕಲಿತಿತ್ತು.

ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತನ್ನು ಹೇಳಬೇಕು. ಕಳೆದುಹೋದ ನಿದ್ದೆಯನ್ನು ಮರಳಿ ತರುವುದೇನೆಂದು ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಪಟ್ಟಿಮಾಡುತ್ತದೆ: ಎಣ್ಣೆ ಹಚ್ಚುವುದು, ಮೈ ತಿಕ್ಕುವುದು, ಸ್ನಾನ, ಮಾಂಸರಸ, ಮೊಸರನ್ನ, ಹಾಲು, ತುಪ್ಪ, ಮದ್ಯ, ಮನಸ್ಸಿನ ನೆಮ್ಮದಿ, ಹಿತವಾದ ವಾಸನೆ ಮತ್ತು ಸದ್ದು, ಮೈ ಒತ್ತುವುದು, ಒಳ್ಳೆಯ ಹಾಸಿಗೆ, ಹಿತವಾದ ಮನೆ, ತಕ್ಕ ಕಾಲ. ನಿದ್ದೆಯ ಪುಡಿಯಲ್ಲಿ ಹಾಕುವ ಯಾವ ಬೇರಿನ ಹೆಸರೂ ಆ ಶ್ಲೋಕಗಳಲ್ಲಿಲ್ಲ. ನಿದ್ದೆ ಯಾವುದೋ 'ನಿಮಿತ್ತ'ದಿಂದ ನಷ್ಟವಾದದ್ದು ಎಂದು ಹೇಳಿ, ಮುಂದೆ ಕೆಲಸ, ವಯಸ್ಸು, ರೋಗ, ಪ್ರಕೃತಿ, ವಾತ ಎಂದು ಕಾರಣಗಳನ್ನೂ ಎಣಿಸುತ್ತದೆ. ಕೆಲಸ ಮೊದಲು ಬರುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ನಾನು ಜೂನ್‌ನಲ್ಲಿ ನೇರವಾಗಿ ಕೊನೆಯ ವಾತಕ್ಕೆ ಹಾರಿದ್ದೆ. ಮದ್ಯವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ಕೊಡಗಿನಲ್ಲಂತೂ ಹೇಳಿಕೊಡುವ ಅಗತ್ಯವೇ ಇಲ್ಲ. ಅದು ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ.

ಈಗಿನ ವೈದ್ಯಶಾಸ್ತ್ರವೂ ದೀರ್ಘಕಾಲದ ನಿದ್ರಾನಾಶಕ್ಕೆ ಮೊದಲು ಹೇಳುವುದು ಔಷಧವನ್ನಲ್ಲ. ಮಲಗುವ ಸಮಯ, ಹಾಸಿಗೆಯ ಅಭ್ಯಾಸ, ನಿದ್ದೆಯ ಕುರಿತ ಆತಂಕ ಇವನ್ನು ತಿದ್ದುವ ವರ್ತನಾ ಚಿಕಿತ್ಸೆಯೇ ಮೊದಲ ಆಯ್ಕೆಯೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಮರುವರ್ಷ ಅಲ್ಲಿನ ನಿದ್ರಾತಜ್ಞರ ಮಾರ್ಗಸೂಚಿ ವ್ಯಾಲೇರಿಯನ್ ಬೇರನ್ನು ನಿದ್ರಾನಾಶಕ್ಕೆ ಬಳಸದಿರುವುದೇ ಲೇಸೆಂದಿತು. ಪುಡಿಯಲ್ಲಿದ್ದ ತಗರ ಅದೇ ಕುಲದ ಗಿಡ.

ತಕ್ಕ ಕಾಲವೆಂಬುದನ್ನು ಹೀಗೆ ಆಚರಣೆಗೆ ತಂದೆವು. ನಿದ್ದೆ ಐದು ಗಂಟೆಯಷ್ಟೇ ಬರುತ್ತಿರುವುದರಿಂದ ಹಾಸಿಗೆಗೆ ಐದೂಮುಕ್ಕಾಲು ಗಂಟೆ ಮಾತ್ರ: ರಾತ್ರಿ ಹನ್ನೊಂದೂವರೆಗೆ ಮಲಗಿ ಐದೂಕಾಲಕ್ಕೆ ಏಳುವುದು, ನಿದ್ದೆ ಬಂದಿರಲಿ ಬಾರದಿರಲಿ. ಮಧ್ಯಾಹ್ನ ಒರಗುವಂತಿಲ್ಲ. ನಡುವೆ ಎಚ್ಚರವಾಗಿ ಕಾಲು ಗಂಟೆಯಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು. ಹಾಸಿಗೆಯಲ್ಲಿ ಕಳೆದ ಹೊತ್ತಿನ 85 ಶೇಕಡ ನಿದ್ದೆಯಾದ ವಾರ, ಕಾಲು ಗಂಟೆ ಹೆಚ್ಚಿಸುವುದು. ಕೇಳಿದ ಕೂಡಲೇ ಅವರಿಗೆ ಸಿಟ್ಟು ಬಂತು. ನಿದ್ದೆಯಿಲ್ಲವೆಂದು ಬಂದವಳಿಗೆ ಮಲಗಬೇಡವೆನ್ನುವುದು ಯಾವ ನ್ಯಾಯ? ಮೊದಲ ಎರಡು ವಾರ ಹಗಲು ತೂಕಡಿಕೆ ಹೆಚ್ಚಾಗುತ್ತದೆ, ಆ ದಿನಗಳಲ್ಲಿ ಜೀಪು ಓಡಿಸಕೂಡದು, ಏಣಿ ಹತ್ತಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಹತ್ತು ಗಂಟೆಗೆ ನಾಯಿಯೂ ಮುದುರಿ ಮಲಗುವ ಊರಿನಲ್ಲಿ ಹನ್ನೊಂದೂವರೆಯವರೆಗೆ ಎಚ್ಚರವಾಗಿರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವರು ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಸೀರೆಗಳಿಗೆ ಕುಚ್ಚು ಕಟ್ಟುತ್ತಾ ಕುಳಿತರು. ಅಕ್ಟೋಬರಿನಲ್ಲಿ ಏಳು ಸೀರೆಗಳ ಕುಚ್ಚು ಮುಗಿದಿತ್ತು.

ಹಳೆಯದರಲ್ಲಿ ಎರಡನ್ನು ಉಳಿಸಿಕೊಂಡೆವು. ಒಂದು, ನೆತ್ತಿಗೂ ಅಂಗಾಲಿಗೂ ಎಣ್ಣೆ. ಅದರಿಂದ ನಿದ್ದೆ ಎಷ್ಟು ಹೆಚ್ಚಿತೆಂದು ಅಳೆದು ತೋರಿಸಲಾರೆ, ಅವರಿಗೆ ಹಿತವಾಗಿತ್ತು. ಇನ್ನೊಂದು, ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ. ಮಲಗುವ ಒಂದೆರಡು ಗಂಟೆ ಮುಂಚೆ ಹತ್ತು ನಿಮಿಷ ಬಿಸಿನೀರು ಮೈಗೆ ಬಿದ್ದರೆ ಚರ್ಮಕ್ಕೆ ರಕ್ತ ಹರಿದು ಮೈಯೊಳಗಿನ ಶಾಖ ಹೊರಹೋಗುತ್ತದೆ, ಒಳಗಿನ ತಾಪ ಇಳಿಯುವುದೇ ನಿದ್ದೆ ಬರುವ ಸೂಚನೆ. ಅವರು ಸಂಜೆ ಆರಕ್ಕೆ ಮೀಯುತ್ತಿದ್ದರು, ಅದನ್ನು ಒಂಬತ್ತೂವರೆಗೆ ಸರಿಸಿದೆವು. ಹಂಡೆಯ ಒಲೆಗೆ ಎರಡು ಕೊರಡು ಹೆಚ್ಚಾಗಿ ಬೇಕಾಯಿತು.

ಕಾಫಿಯನ್ನು ಮರಳಿ ಕೊಟ್ಟೆ. ಬೆಳಗ್ಗೆ ಮಾತ್ರೆ ನೀರಿನಲ್ಲಿ, ಒಂದು ಗಂಟೆ ಬಿಟ್ಟು ಬೆಲ್ಲದ ಕಾಫಿ, ಮಧ್ಯಾಹ್ನ ಹನ್ನೆರಡರ ಮೇಲೆ ಒಂದು ಗುಟುಕೂ ಇಲ್ಲ. ಈ ಚಿಕಿತ್ಸೆಯಲ್ಲಿ ಅವರು ಮನಸಾರೆ ಒಪ್ಪಿದ್ದು ಇದೊಂದನ್ನೇ.

ನವೆಂಬರ್ ಕೊನೆಗೆ ಹಾಸಿಗೆಯ ಅವಧಿ ಆರೂವರೆ ಗಂಟೆಗೆ ಬಂದಿತ್ತು, ನಿದ್ದೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ, ಟಿಎಸ್‌ಎಚ್ 2.3, ತೂಕ 59. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಊರಿಗೆ ಊರೇ ಎಚ್ಚರವಿದ್ದಾಗ ಇವರೂ ಎಚ್ಚರವಿದ್ದು, ಮರುದಿನ ಗಾಬರಿಯಿಂದ ಫೋನು ಮಾಡಿದರು. ಅಂದೂ ಹಗಲು ಮಲಗದೆ, ರಾತ್ರಿ ಎಂದಿನ ಹೊತ್ತಿಗೇ ಮಲಗಲು ಹೇಳಿದೆ. ಎರಡು ದಿನದಲ್ಲಿ ಸರಿಹೋಯಿತು.

ನಿಜವಾದ ಪರೀಕ್ಷೆ ಮರುವರ್ಷದ ಫೆಬ್ರವರಿಯಲ್ಲಿತ್ತು. ಪಂಪು ಮತ್ತೆ ಕೆರೆಗಿಳಿಯಿತು. ಈ ಬಾರಿ ಜೆಟ್ ಬದಲಿಸಲು ಇಬ್ಬರು ಆಳುಗಳು ಸಿಕ್ಕಿದ್ದರಿಂದ ಅವರು ಹೊರಗೆ ಹೋದದ್ದು ಆರು ರಾತ್ರಿ ಮಾತ್ರ. ಫ್ಲಾಸ್ಕಿನಲ್ಲಿ ಶುಂಠಿ ಹಾಕಿದ ಬಿಸಿನೀರು. ಮರುದಿನ ಎಂಟೂವರೆಗೇ ಹಾಸಿಗೆ ಸೇರುವ ಹಳೆಯ ಚಾಳಿಗೆ ಬೀಳಲಿಲ್ಲ. ಪಂಪು ನಿಂತ ಒಂಬತ್ತನೆಯ ದಿನದ ಹೊತ್ತಿಗೆ ಪುಸ್ತಕದಲ್ಲಿ ಮತ್ತೆ ಆರು ಗಂಟೆಯ ಅಂಕಿ ಕಾಣಿಸಿತು.

ನನ್ನ ರೋಗಿಪತ್ರದಲ್ಲಿ ಈಗ 'ಬೇರೆ ಔಷಧ' ಎಂಬ ಸಾಲಿಲ್ಲ. ಅದರ ಜಾಗದಲ್ಲಿ 'ಪುಡಿ, ಕಷಾಯ, ಕ್ಯಾಪ್ಸೂಲು, ಎಣ್ಣೆ, ಮಗ ಮಗಳು ಕಳುಹಿಸಿದ್ದು: ಡಬ್ಬಿ ಸಮೇತ ತನ್ನಿ' ಎಂದು ಅಚ್ಚುಹಾಕಿಸಿದ್ದೇನೆ. ಏಪ್ರಿಲ್‌ನಲ್ಲಿ ಅವರು ಥೈರಾಯಿಡ್ ವರದಿ ತೋರಿಸಲು ಬಂದಾಗ, ಮಗಳು ಹೊಸದಾಗಿ ಕಳುಹಿಸಿದ್ದ ನಿದ್ದೆಯ ಮಿಠಾಯಿಯ ಡಬ್ಬಿಯನ್ನು ತೆರೆಯದೆ ಹಾಗೆಯೇ ತಂದಿದ್ದರು. ಕನ್ನಡಕ ಏರಿಸಿಕೊಂಡು, ಸಣ್ಣ ಅಕ್ಷರಗಳ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇದೂ ಹಿರೇಮದ್ದೇ ಅಲ್ವಾ ಡಾಕ್ಟ್ರೇ?"